ಹೊಸ ಹಿಡಿಕೆ, ಹಳೇ ಕಪ್ಪು

ಊರಿನ ಮನೆ ರಿಪೇರಿ ನಡೆದಿತ್ತು. ಪಡಸಾಲೆ ಬಾಗಿಲಿಗೆ ಅಂತ ನಾನು ಬೆಂಗಳೂರಿನಿಂದ ಒಂದು ಡಬ್ಬಿ ತುಂಬ ಹಿಡಿಕೆ, ಕೊಂಡಿ, ಹೂವಿನಾಕಾರದ ಮೊಳೆ ಒಯ್ದಿದ್ದೆ. ಡಬ್ಬಿ ಮೇಲೆ ‘ಆ್ಯಂಟಿಕ್ ಬ್ರಾಸ್’ ಅಂತ ಬರೆದಿತ್ತು. ಅವ್ವ ಡಬ್ಬಿ ಬಿಚ್ಚಿ ಒಂದು ಹಿಡಿಕೆ ಕೈಗೆ ತಗೊಂಡು ತಿರುಗಿಸಿ ನೋಡಿದಳು.

“ಹಳೇ ಸಾಮಾನ ಯಾಕ ತಂದಿ?”

“ಹೊಸಾವೇ ಅವ ಅವ್ವ. ಹಳೇವು ಕಂಡಂಗ ಮಾಡ್ಯಾರ.”

“ಯಾಕ?”

ಆ ‘ಯಾಕ’ಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಮುಂಜಾನೆ ಎದ್ದು ನೋಡಿದರೆ ಅವ್ವ ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇಟ್ಟುಕೊಂಡು ಒಂದೊಂದೇ ಹಿಡಿಕೆ ತಿಕ್ಕುತ್ತಾ ಕೂತಿದ್ದಳು. ಹಿತ್ತಾಳೆ ಅಂದಮೇಲೆ ಬೆಳಗಬೇಕಲ್ಲ! ನಾಲ್ಕು ಹಿಡಿಕೆಯ ಮೇಲಿನ ವಾರ್ನಿಶ್ ಕಿತ್ತುಹೋಗಿತ್ತು. ಸಾಲದ್ದಕ್ಕೆ, ಸ್ಕ್ರೂ ಕೂರಲಿ ಅಂತ ಒಂದರ ತೂತನ್ನು ಅರದಿಂದ ತಿಕ್ಕಿ ದೊಡ್ಡದು ಮಾಡಿದ ಬಡಿಗ್ಯಾ ನಕ್ಕುಬಿಟ್ಟ. “ಇದು ಹಿತ್ತಾಳಿ ಅಲ್ರಿ ಸಾಹೇಬ್ರ. ನೋಡ್ರಿ, ಒಳಗ ಬೆಳ್ಳಗದ.”

ಹೌದು, ಒಳಗೆ ಬೂದು ಬಿಳುಪು. ಸತು. ಹಿಂದಿಯವರು ಜಸ್ತಾ ಅಂತಾರಲ್ಲ, ಅದು. ಈ ಲೇಖನ ಶುರುವಾದದ್ದು ಆ ತೂತಿನಿಂದ.

ಈಗ ಅಂಗಡಿಯಲ್ಲಿ ‘ಆ್ಯಂಟಿಕ್ ಫಿನಿಶ್’ ಅಂತ ಸಿಗುವ ಹಗುರ ಬೆಲೆಯ ಹಿಡಿಕೆಗಳಲ್ಲಿ ಎಷ್ಟೋ ಸತುವಿನ ಮಿಶ್ರಲೋಹದವು. ಸತುವಿಗೆ ಸುಮಾರು 4% ಅಲ್ಯೂಮಿನಿಯಂ ಬೆರೆಸಿದ ಈ ಜಾತಿಯ ಲೋಹಗಳನ್ನು ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ 1929ರ ಹೊತ್ತಿಗೆ ರೂಢಿಗೆ ತಂದಿತು. ಝಮಾಕ್ ಅಂತ ಹೆಸರು. ಬೇಗ ಕರಗುತ್ತದೆ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ, ಸೂಕ್ಷ್ಮ ಹೂಬಳ್ಳಿಯೂ ಸ್ಪಷ್ಟವಾಗಿ ಮೂಡುತ್ತದೆ. ಎರಕ ಆದಮೇಲೆ ಅದಕ್ಕೆ ತಾಮ್ರದ ಲೇಪ, ಅದರ ಮೇಲೆ ತೆಳ್ಳಗೆ ಹಿತ್ತಾಳೆಯ ಲೇಪ. ಆಮೇಲೆ ಗಂಧಕದ ಸಂಯುಕ್ತವನ್ನೋ ಇನ್ನೊಂದು ರಾಸಾಯನಿಕವನ್ನೋ ಬಳಸಿ ಇಡೀ ತುಂಡನ್ನು ಕರ್ರಗೆ ಮಾಡುತ್ತಾರೆ. ಕೊನೆಗೆ ತಿರುಗುವ ಬಟ್ಟೆ ಚಕ್ರಕ್ಕೆ ಹಿಡಿದರೆ ಉಬ್ಬಿದ ಜಾಗದ ಕಪ್ಪು ಹೋಗಿ ಹಿತ್ತಾಳೆ ಹೊಳೆಯುತ್ತದೆ, ತಗ್ಗಿನ ಕಪ್ಪು ಹಾಗೇ ಉಳಿಯುತ್ತದೆ. ನೂರು ವರ್ಷ ಜನರ ಕೈ ತಾಗಿ ತಾಗಿ ಸವೆದ ಹಾಗೆ. ಮೇಲೊಂದು ಲ್ಯಾಕರ್. ನೂರು ವರ್ಷದ ಕೆಲಸ ಒಂದು ಪಾಳಿಯಲ್ಲಿ ಮುಗೀತು.

ಇದನ್ನು ಮೋಸ ಅಂತ ಕರೆಯಲು ನನಗೆ ಮನಸ್ಸಿಲ್ಲ, ಅಂಗಡಿಯವನು ಹಳೇದು ಅಂತೇನೂ ಹೇಳಿರಲಿಲ್ಲ. ಆದರೆ ಹೊಟ್ಟೆ ಉರಿಸುವ ವಿಷಯ ಬೇರೆ ಇದೆ. ನಮ್ಮ ಮನೆಗೆ ನಿಜವಾದ ಹಳೇ ಬಾಗಿಲು ಇತ್ತು. ಮುತ್ಯಾನ ಅಪ್ಪ ಹಾಕಿಸಿದ ಸಾಗವಾನಿ ಕದ, ಹಿತ್ತಾಳೆ ಹೂವು, ಬೆರಳು ದಪ್ಪದ ಕಬ್ಬಿಣದ ಸರಪಳಿ ಚಿಲಕ. ನಾನು ಇಂಜಿನಿಯರಿಂಗ್ ಓದುವಾಗ ಟೆಂಪೋ ತಗೊಂಡು ಬಂದ ವ್ಯಾಪಾರಿಯೊಬ್ಬ ಅದನ್ನು ಬಿಚ್ಚಿಕೊಂಡು ಹೋದ. ನಮ್ಮದೊಂದೇ ಅಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಹಳ್ಳಿಗಳಲ್ಲಿ ಓಡಾಡಿ ನೋಡಿ: ಕಲ್ಲಿನ ಗೋಡೆ ಹಾಗೇ ಇರುತ್ತದೆ, ಅದಕ್ಕೆ ತಗಡಿನ ಬಾಗಿಲು ಬಂದಿರುತ್ತದೆ. ಹಳೇ ಕದ ದೂರದ ಊರಿನ ಯಾವುದೋ ರೆಸಾರ್ಟಿನಲ್ಲಿ ನಿಂತಿರುತ್ತದೆ. ಮಾರಿದ್ದನ್ನೇ ನಕಲು ಮಾಡಿಸಿ ಮತ್ತೆ ಕೊಳ್ಳುವುದು ನಮ್ಮ ಪಾಳಿ.

ಲೋಹದ ಮೇಲೆ ಕಾಲ ಬಿಡುವ ಪದರಕ್ಕೆ ಇಟಲಿಯವರ ಮಾತಿನಿಂದ ಬಂದ ‘ಪಟಿನಾ’ ಎಂಬ ಹೆಸರಿದೆ. ನಮ್ಮಲ್ಲಿ ಅದಕ್ಕೆ ಬಳಕೆಯಲ್ಲಿರುವ ಮಾತುಗಳೆಲ್ಲ ಬೈಗುಳದಂಥವೇ: ಕಿಲುಬು, ಜಂಗು, ಕಿಟ್ಟ. ಹಿತ್ತಾಳೆ ಕೊಡ ಕಪ್ಪಾದರೆ ಆ ಮನೆಯ ಹೆಣ್ಣುಮಕ್ಕಳ ಮಾನ ಹೋಯಿತು ಅಂತಲೇ ಲೆಕ್ಕ. ಗಾಣಗಾಪುರದಿಂದ ತಂದ ದತ್ತನ ಪಾದುಕೆ ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣಿನಲ್ಲಿ ಮಿಂದು ಬಂಗಾರದಂತೆ ಹೊಳೆಯಬೇಕು. ಕಪ್ಪು ಬೇಕು ಅಂತ ನಾವೇ ಮೈಮೇಲೆ ಎಳೆದುಕೊಳ್ಳುವುದು ಕಬ್ಬಿಣಕ್ಕೆ ಮಾತ್ರ. ಹೊಸ ತವಾ ತಂದರೆ ಅದಕ್ಕೆ ಎಣ್ಣೆ ಕುಡಿಸಿ, ಕಾಸಿ, ಮತ್ತೆ ಎಣ್ಣೆ ಕುಡಿಸುತ್ತಾರಲ್ಲ, ಅದು ಪಟಿನಾನೇ. ಕಂಬಾರರೂ ಕೊಂಡಿ ಬಡಿದು ಮುಗಿಸಿ, ಇನ್ನೂ ಬಿಸಿ ಇರುವಾಗಲೇ ಅಗಸಿ ಎಣ್ಣೆ ಸವರುತ್ತಾರೆ. ಅಗಸಿ ಎಣ್ಣೆ ಕಾದ ಕಬ್ಬಿಣದ ಮೇಲೆ ಸುಟ್ಟು ಗಟ್ಟಿಯಾಗಿ ಕರಿ ಪೊರೆ ಕಟ್ಟುತ್ತದೆ, ತುಕ್ಕು ಹತ್ತಿರ ಬರಲ್ಲ. ಹಳೇದು ಕಾಣಲಿ ಅಂತ ಮಾಡಿದ್ದಲ್ಲ, ಹಳೇದಾಗುವ ತನಕ ಬಾಳಲಿ ಅಂತ ಮಾಡಿದ್ದು.

ಆದರೆ ಸತು? ಅದು ಬಯಲಲ್ಲಿ ಬಿಟ್ಟರೆ ಚೆಂದವಾಗಿ ಹಳೇದಾಗುವ ಲೋಹವೇ ಅಲ್ಲ. ತಾಮ್ರದಂತೆ ಹಸಿರಾಗಲ್ಲ, ಕಬ್ಬಿಣದಂತೆ ಕೆಂಪಾಗಲ್ಲ. ಮಂಕು ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತದೆ. ದನದ ಕೊಟ್ಟಿಗೆ ಮೇಲಿನ ಜಿಐ ತಗಡು ನೋಡಿದರೆ ಗೊತ್ತಾಗುತ್ತೆ. ಅಂಥ ಲೋಹಕ್ಕೆ ಕಪ್ಪು ಹಚ್ಚಿ ಜಗತ್ತಿಗೆ ತೋರಿಸಿದ ಊರು ನಮ್ಮ ಪಕ್ಕದ ಬೀದರ. ಝಮಾಕ್ ಕಂಪನಿಗಿಂತ ಕನಿಷ್ಠ ಮುನ್ನೂರು ವರ್ಷ ಮೊದಲು.

ಬೀದರಕ್ಕೂ ನಮಗೂ ಇರುವ ನಂಟು ಹಳೇದು. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಕಲಬುರಗಿಯನ್ನು ರಾಜಧಾನಿ ಮಾಡಿದ. 15ನೇ ಶತಮಾನದ ಮೊದಲ ಭಾಗದಲ್ಲಿ ಅಹಮದ್ ಶಾಹ ಅದನ್ನು ಬೀದರಕ್ಕೆ ಒಯ್ದ. ಈ ಸುಲ್ತಾನ ‘ವಲಿ’, ಅಂದರೆ ಸಂತ, ಅನಿಸಿಕೊಂಡವನು. ಬೀದರ ಹತ್ತಿರದ ಅಷ್ಟೂರಿನಲ್ಲಿ ಅವನ ಗೋರಿ ಇದೆ. ಅಲ್ಲಿನ ಉರುಸಿಗೆ ನಮ್ಮ ಆಳಂದ ತಾಲೂಕಿನ ಮಾಡಿಯಾಳದಿಂದ ಲಿಂಗಾಯತ ಜಂಗಮರು ಹೋಗುತ್ತಾರೆ. ಭಕ್ತರ ಬಾಯಲ್ಲಿ ಅದು ಅಲ್ಲಮಪ್ರಭುವಿನ ಜಾತ್ರೆ. ಗುಲಾಂ ಯಜ್ದಾನಿ 1947ರಲ್ಲಿ ಬಂದ ತಮ್ಮ ಬೀದರ ಪುಸ್ತಕದಲ್ಲಿ ಈ ಪದ್ಧತಿಯನ್ನು ದಾಖಲಿಸಿದ್ದಾರೆ. ರಾಜಧಾನಿ ಕಲಬುರಗಿ ಬಿಟ್ಟು ಹೋಯಿತು, ದಾರಿ ಮಾತ್ರ ಹಾಗೇ ಉಳಿಯಿತು.

ಅಹಮದ್ ಶಾಹನ ಕಾಲದಲ್ಲಿ ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಬಿದರಿ ಕೆಲಸ ಶುರು ಮಾಡಿದ ಅಂತ ಪ್ರತೀತಿ. ಇಂಥ ಕತೆಗಳನ್ನು ನಾನು ಪ್ರೀತಿಯಿಂದ ಕೇಳುತ್ತೇನೆ, ಆದರೆ ಪ್ರಮಾಣ ಮಾಡಿ ಹೇಳಲ್ಲ. ಯಾಕಂದರೆ ಇವತ್ತು ಮ್ಯೂಸಿಯಂಗಳಲ್ಲಿ ಉಳಿದಿರುವ ಅತಿ ಹಳೇ ಬಿದರಿ ವಸ್ತುಗಳನ್ನು ಪಂಡಿತರು 16ನೇ ಶತಮಾನದ ಕೊನೆ, 17ನೇ ಶತಮಾನದ ಆರಂಭಕ್ಕೆ ಸೇರಿಸುತ್ತಾರೆ. ಅವುಗಳಲ್ಲಿ ಬಹಳಷ್ಟು ಹುಕ್ಕಾದ ಬುಡ. ಅದಕ್ಕೂ ಕಾರಣ ಇದೆ. ತಂಬಾಕು ದಖ್ಖನಿಗೆ ಕಾಲಿಟ್ಟದ್ದೇ 1600ರ ಆಸುಪಾಸು. ಅಕ್ಬರನ ದೂತ ಅಸದ್ ಬೇಗ್ ವಿಜಯಪುರದಲ್ಲಿ ಅದನ್ನು ನೋಡಿ ಚಕಿತನಾಗಿ ಬಾದಶಹನಿಗೆ ಒಯ್ದು ಕೊಟ್ಟ. ಹೊಸ ಚಟಕ್ಕೆ ಹೊಸ ಪಾತ್ರೆ ಬೇಕಾಯಿತು, ಬೀದರದವರು ಮಾಡಿಕೊಟ್ಟರು.

ಇಲ್ಲಿ ಸತುವಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಈ ಕೆಲಸದ ದೊಡ್ಡಸ್ತಿಕೆ ಗೊತ್ತಾಗಲ್ಲ. ಅದಿರಿನಿಂದ ಸತು ತೆಗೆಯುವುದು ತಲೆನೋವಿನ ಕೆಲಸ. ಸತು 419 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದ್ದು ಆವಿಯಾಗುತ್ತದೆ. ಅದಿರು ಇದ್ದಿಲಿನ ಜೊತೆ ಬೆಂದು ಲೋಹ ಬಿಟ್ಟುಕೊಡಬೇಕಾದರೆ ಅದಕ್ಕಿಂತ ಹೆಚ್ಚು ಶಾಖ ಬೇಕು. ಹಂಗಾಗಿ ಲೋಹ ಹುಟ್ಟುವಾಗಲೇ ಹೊಗೆಯಾಗಿ ಹುಟ್ಟುತ್ತದೆ, ಗಾಳಿ ತಾಗಿದರೆ ಬಿಳಿ ಪುಡಿಯಾಗಿ ಕೈತಪ್ಪಿ ಹೋಗುತ್ತದೆ. ರಾಜಸ್ಥಾನದ ಉದಯಪುರ ಹತ್ತಿರದ ಜಾವರ್‌ನಲ್ಲಿ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮುಚ್ಚುಪಾತ್ರೆಗಳನ್ನು ಕುಲುಮೆಯಲ್ಲಿ ತಲೆಕೆಳಗಾಗಿ ಇಟ್ಟು, ಆವಿ ಕೆಳಗಿಳಿದು ತಣ್ಣಗಾಗಿ ಹನಿಯಾಗುವಂತೆ ಮಾಡುತ್ತಿದ್ದರು. ಒಂದೊಂದು ಕುಲುಮೆಗೆ ಅಂಥ 36 ಪಾತ್ರೆ. 1980ರ ದಶಕದ ಉತ್ಖನನದಲ್ಲಿ ಪಾತ್ರೆ ಸಮೇತ ಕುಲುಮೆಗಳೇ ಸಿಕ್ಕವು. ಯುರೋಪಿನಲ್ಲಿ ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತು ಬಟ್ಟಿ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಆ ಹೊತ್ತಿಗೆ ನಮ್ಮವರು ಸತುವಿನ ಹುಕ್ಕಾ ಗುಡುಗುಡಿಸಿ ನೂರು ವರ್ಷವಾಗಿತ್ತು.

ಕಳೆದ ವರ್ಷ ಕಲಬುರಗಿಯಿಂದ ರೈಲು ಹತ್ತಿ ಬೀದರಕ್ಕೆ ಹೋದೆ. (ಈ ಹಳಿ ಉದ್ಘಾಟನೆಯಾದದ್ದು 2017ರಲ್ಲಿ. ಬಹಮನಿ ಸುಲ್ತಾನ ರಾಜಧಾನಿ ಬದಲಿಸಿದ ಸುಮಾರು ಆರುನೂರು ವರ್ಷಕ್ಕೆ ಎರಡೂ ಊರಿಗೆ ನೇರ ರೈಲು ಸಿಕ್ಕಿತು. ಸರಕಾರಿ ಕೆಲಸ, ಅವಸರ ಮಾಡಬಾರದು.) ಚೌಬಾರಾದ ಹತ್ತಿರದ ಓಣಿಯಲ್ಲಿ ಒಂದು ಸಣ್ಣ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಕೋಣೆ, ನಾಲ್ಕು ಜನ, ಒಂದು ಕುಲುಮೆ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಅನ್ನುವುದು ರೂಢಿಯ ಲೆಕ್ಕ. ಔಡಲೆಣ್ಣೆ, ರಾಳ ಕಲಸಿದ ಮಣ್ಣಿನಲ್ಲಿ ಅಚ್ಚು ಮಾಡಿ ಎರಕ ಹೊಯ್ಯುತ್ತಾರೆ. ಬಂದದ್ದು ನಮ್ಮ ಹಿಡಿಕೆಯ ತೂತಿನೊಳಗೆ ಕಂಡಂಥದೇ ಬೂದು ಬಿಳಿ. ಅದನ್ನು ಅರದಿಂದ ನುಣ್ಣಗೆ ಮಾಡಿ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಇದು ಸ್ಲೇಟಿನ ಕೆಲಸದ ಕಪ್ಪು ಅಷ್ಟೆ, ಮೇಲೆ ಗೀರಿದ ಚಿತ್ರ ಕಣ್ಣಿಗೆ ಕಾಣಲಿ ಅಂತ. ಆಮೇಲೆ ಉಳಿಯಿಂದ ಹೂವು, ಬಳ್ಳಿ ಕೊರೆಯುತ್ತಾರೆ, ಯಾವ ನಕ್ಷೆ ಕಾಗದವೂ ಇಲ್ಲದೆ. ಕೊರೆದ ಗೀರಿಗೆ ಶುದ್ಧ ಬೆಳ್ಳಿಯ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ, ಇದು ತಾರಕಶಿ. ಬೆಳ್ಳಿ ತಗಡನ್ನು ಕತ್ತರಿಸಿ ಕೂರಿಸಿದರೆ ತಹನಿಶಾನ್. ಮತ್ತೆ ಇಡೀ ಪಾತ್ರೆ ಉಜ್ಜಿದಾಗ ಮೈಲುತುತ್ತದ ಕಪ್ಪು ಹೋಗಿ ಬಿಳಿ ಲೋಹದ ಮೇಲೆ ಬಿಳಿ ಬೆಳ್ಳಿ. ಈ ಹಂತದಲ್ಲಿ ನೋಡಿದರೆ ತಿಂಗಳುಗಟ್ಟಲೆ ಮಾಡಿದ ಚಿತ್ರವೇ ಕಾಣಲ್ಲ! ನನಗೆ ಇದು ಬಹಳ ಹಿಡಿಸಿತು.

ಕೊನೆಗೆ ಮಣ್ಣು. ಕೋಟೆಯ ಹಳೇ ಕಟ್ಟಡದೊಳಗಿನ, ಬಿಸಿಲು ಮಳೆ ಕಾಣದ ಮಣ್ಣು. ಅದನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಕಣ್ಣೆದುರೇ, ಒಂದೆರಡು ನಿಮಿಷದೊಳಗೆ, ಸತು ಕಾಡಿಗೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗಲ್ಲ. ಮಾಯವಾಗಿದ್ದ ಹೂವು ಬಳ್ಳಿ ಒಮ್ಮೆಲೇ ಎದ್ದು ಬರುತ್ತವೆ. ತೊಳೆದು ಒರೆಸಿ ಸ್ವಲ್ಪ ಎಣ್ಣೆ ಸವರಿದರೆ ಮುಗಿಯಿತು.

“ಮಣ್ಣ ಛಲೋ ಅದನೋ ಇಲ್ಲೋ ಹ್ಯಾಂಗ ಗೊತ್ತಾಗ್ತದ ಚಾಚಾ?” ಅಂತ ಕೇಳಿದೆ. ಅವರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ತೋರಿಸಿದರು. ನನಗೂ ಕೊಟ್ಟರು. ಉಪ್ಪುಪ್ಪು, ನಾಲಿಗೆ ತುಸು ತಣ್ಣಗಾದಂತೆ.

ಆ ಉಪ್ಪುರುಚಿಯಲ್ಲೇ ವಿಜ್ಞಾನ ಇದೆ. ಹಳೇ ಗೋಡೆ, ಜನ-ಜಾನುವಾರು ಇದ್ದ ಜಾಗದ ಮಣ್ಣಿನಲ್ಲಿ ಪೆಟ್ಲುಪ್ಪು, ಅಂದರೆ ನೈಟ್ರೇಟ್, ತಾನಾಗಿ ಹುಟ್ಟುತ್ತದೆ. ಮಳೆ ಬಿದ್ದರೆ ಕರಗಿ ಹರಿದುಹೋಗುತ್ತದೆ. ಮಳೆ ಕಾಣದ ಮಣ್ಣೇ ಆಗಬೇಕು ಅಂತ ಕುಶಲಕರ್ಮಿಗಳು ಹೇಳುವುದು ಮೂಢನಂಬಿಕೆ ಅಲ್ಲ, ಪಕ್ಕಾ ಲೆಕ್ಕ. (ಇದೇ ಉಪ್ಪಿನಿಂದ ತೋಪಿನ ಮದ್ದೂ ಆಗುತ್ತಿತ್ತು.) ನವಸಾಗರ ಮತ್ತು ಈ ಉಪ್ಪು ಸೇರಿ ಮೇಲ್ಮೈಯ ಸತುವನ್ನು ತಿನ್ನುತ್ತವೆ. ಬೆರೆತಿದ್ದ ಸ್ವಲ್ಪ ತಾಮ್ರ ಮೇಲೆ ಉಳಿದು ಕರಿ ಪದರ ಕಟ್ಟಲು ನೆರವಾಗುತ್ತದೆ. ಬರೀ ಸತುವಿಗೆ ಇದೇ ಮಣ್ಣು ಹಚ್ಚಿದರೆ ಈ ಕಪ್ಪು ಬರಲ್ಲ. ಹದಿನಾರಕ್ಕೆ ಒಂದು ಪಾಲು ತಾಮ್ರ ಯಾಕೆ ಅನ್ನುವುದಕ್ಕೆ ಉತ್ತರ ಅದು.

ನವಸಾಗರ ಅಂದಾಗ ನನಗೆ ಸಣ್ಣವನಿದ್ದಾಗಿನ ಕಲಾಯಿ ಸಾಬರು ನೆನಪಾದರು. ಗುಡಿ ಮುಂದಿನ ಬೇವಿನ ಗಿಡದ ಕೆಳಗೆ ತಿದಿ ಹೂಡಿ, ಕಾದ ತಾಮ್ರದ ಹಂಡೆಗೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಬುಸ್ಸನೆ ಏಳುತ್ತಿತ್ತು, ಮೂಗು ಉರಿಯುತ್ತಿತ್ತು. ಅಲ್ಲಿ ಅದು ತಾಮ್ರದ ಕಪ್ಪು ತೆಗೆದು ಬಿಳಿ ಮಾಡಲು ನೆರವಾಗುತ್ತಿತ್ತು. ಬೀದರದಲ್ಲಿ ಅದೇ ವಸ್ತು ಬಿಳಿ ಲೋಹವನ್ನು ಕಪ್ಪು ಮಾಡುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಬೆಂಜಮಿನ್ ಹೈನೆ, 19ನೇ ಶತಮಾನದ ಮೊದಲ ದಶಕಗಳಲ್ಲಿ ಬಿದರಿ ಮಾಡುವ ವಿಧಾನವನ್ನು ಬರೆದಿಟ್ಟ. ಇವನು ಸಸ್ಯವಿಜ್ಞಾನಿ, ಬೆಂಗಳೂರಿನ ಲಾಲ್‌ಬಾಗ್ ತೋಟದ ಉಸ್ತುವಾರಿ ನೋಡಿಕೊಂಡಿದ್ದವನು. ತಾಮ್ರದ ಜೊತೆ ಸೀಸ, ತವರವನ್ನೂ ಸ್ವಲ್ಪ ಕರಗಿಸಿ ಆಮೇಲೆ ಸತುವಿಗೆ ಸೇರಿಸುತ್ತಿದ್ದರು ಅಂತ ಅವನ ಬರಹದಿಂದ ತಿಳಿಯುತ್ತದೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೂ ಬಿದರಿ ಹೋಯಿತು. ಹೊರದೇಶದವರು ತೂಕ ಹಾಕಿ, ಕರಗಿಸಿ, ಪರೀಕ್ಷೆ ಮಾಡಿ ತಿಳಿದುಕೊಂಡದ್ದನ್ನು ಚಾಚಾ ನಾಲಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಲೋಹವನ್ನು ಬೇಕೆಂದೇ ಬಣ್ಣಗೆಡಿಸುವುದು ಬೀದರದವರಿಗೊಬ್ಬರಿಗೇ ಗೊತ್ತಿದ್ದದ್ದಲ್ಲ. ಜಪಾನಿನಲ್ಲಿ ತಾಮ್ರಕ್ಕೆ ಕೆಲವೇ ಪಾಲು ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿ ನೀಲಿಗಪ್ಪು ತರುವ ಶಕುಡೊ ಎಂಬ ಕೆಲಸ ಇದೆ, ಕತ್ತಿಯ ಹಿಡಿಗೆ ಬಳಸುತ್ತಿದ್ದರು. ಚೀನಾದಲ್ಲಿ ಹಾದಿ ಬೇರೆ. ಅಲ್ಲಿ ಹಳೇ ಕಂಚಿನ ಪಾತ್ರೆಗೆ ಸಂಗ್ರಹಕಾರರು ಮುಗಿಬಿದ್ದ ಕಾರಣ ಹೊಸ ಕಂಚಿಗೆ ಹಸಿರು ಬರಿಸಿ ಹಳೇದು ಅಂತ ಮಾರುವವರೂ ಹುಟ್ಟಿಕೊಂಡರು. 1388ರಲ್ಲಿ ಚಾವ್ ಝಾವ್ ಎಂಬಾತ ಅಸಲಿ-ನಕಲಿ ಗುರುತಿಸಲು ಕೈಪಿಡಿಯನ್ನೇ ಬರೆದ. ಅಂದರೆ ‘ಆ್ಯಂಟಿಕ್ ಫಿನಿಶ್’ ಆರುನೂರು ವರ್ಷಕ್ಕೂ ಹಿಂದಿನ ಧಂಧೆ.

ನಿಜವಾದ ಹಳೇತನ ನೋಡಬೇಕು ಅಂದರೆ ಜೇವರ್ಗಿ ಮೇಲೆ ಹಾದು, ಸಿಂದಗಿ ದಾಟಿ ವಿಜಯಪುರಕ್ಕೆ ಹೋಗಿ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಅಲ್ಲಿನ ಬುರುಜಿನ ಮೇಲೆ ಬಯಲಲ್ಲೇ ಕೂತಿದೆ. ತಾಮ್ರ-ತವರದ ಮೈ ಹಸಿರು ಛಾಯೆಯ ಕಪ್ಪಾಗಿದೆ. ಅದಕ್ಕೆ ಯಾರೂ ಏನೂ ಹಚ್ಚಿದ್ದಲ್ಲ, ಬಿಸಿಲು, ಮಳೆ, ಪ್ರವಾಸಿಗರ ಅಂಗೈ ಮಾಡಿದ ಕೆಲಸ. ಬಿದರಿಯ ಕಪ್ಪು ಈ ಎರಡಕ್ಕೂ ಸೇರಲ್ಲ. ಅದು ಕಾಲ ಮಾಡಿದ್ದಲ್ಲ, ಕಾಲದ ಸೋಗೂ ಹಾಕಲ್ಲ. ನಿನ್ನೆ ಮಾಡಿದ ಹೂದಾನಿ ನಿನ್ನೆ ಮಾಡಿದ್ದು ಅಂತಲೇ ಕಾಣುತ್ತದೆ. ಹಳೇದು ಇರುವುದು ಮಣ್ಣು ಮಾತ್ರ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮನ್ನಣೆ ಸಿಕ್ಕಿತು. (ಕೊಟ್ಟಿಗೆ ತಗಡಿನ ಜಿಐ ಬೇರೆ, ಅದೂ ಸತುವಿನದೇ ಮಹಿಮೆ.) 2023ರಲ್ಲಿ ಬೀದರದ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹೆಸರಿಗೆ ಕೊರತೆ ಇಲ್ಲ. ಆದರೆ ನಾನು ಕೂತಿದ್ದ ಕೋಣೆಯಲ್ಲಿ ನಾಲ್ಕು ಜನರಲ್ಲಿ ಮೂವರು ಐವತ್ತು ದಾಟಿದವರು. ಬೆಳ್ಳಿ ದರ ಏರಿದಷ್ಟೂ ತಂತಿ ಸಣ್ಣಗಾಗುತ್ತಿದೆ, ಹೂವುಗಳ ನಡುವೆ ಕಪ್ಪು ಜಾಗ ಜಾಸ್ತಿಯಾಗುತ್ತಿದೆ ಅಂತ ಚಾಚಾ ಅಂದರು. ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನಂತೆ, ಕಂಪ್ಯೂಟರ್ ಕೆಲಸ. ನಾನೂ ಅದೇ ಮಾಡೋದು ಅಂದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕೇಳಲೋ ಬೇಡವೋ ಅಂತ ಅನುಮಾನಿಸಿ ಕೊನೆಗೆ ಚೀಲದಿಂದ ನನ್ನ ಹಿಡಿಕೆಯೊಂದನ್ನು ತೆಗೆದು ತೋರಿಸಿದೆ. ಅವ್ವ ತಿಕ್ಕಿ, ಬಡಿಗ್ಯಾ ಅರ ಹಾಕಿದ್ದು. ಅವರು ತೂತನ್ನು ಬೆಳಕಿಗೆ ಹಿಡಿದು ನೋಡಿ “ಜಸ್ತಾ” ಅಂದರು. ಬಿಳಿ ಕಂಡ ಅಂಚಿಗೆ ಮಣ್ಣು ಹಚ್ಚಿ ತಿಕ್ಕಿದರು. ಕಪ್ಪಾಗಲಿಲ್ಲ, ಕೊಳಕು ಬೂದಿ ಬಣ್ಣ ಬಂತು. “ಇದರಾಗ ತಾಮ್ರ ಇಲ್ಲ, ಹಿಡಿಯಂಗಿಲ್ಲ” ಅಂತ ವಾಪಸು ಕೊಟ್ಟರು.

ಡಬ್ಬಿಯಲ್ಲಿ ಉಳಿದ ಹಿಡಿಕೆಗಳನ್ನು ಒಳಗಿನ ಕೋಣೆಗಳಿಗೆ ಹಾಕಿಸಿದೆ, ದುಡ್ಡು ಕೊಟ್ಟಾಗಿತ್ತಲ್ಲ. ತಲೆಬಾಗಿಲಿಗೆ ಮಾತ್ರ ಜೇವರ್ಗಿ ಕಡೆ ಇರುವ ನಮ್ಮ ಸೋದರಮಾವನ ಊರಿನ ಕಂಬಾರರಿಂದ ಕಬ್ಬಿಣದ ಸರಪಳಿ ಚಿಲಕ ಮಾಡಿಸಿ ತಂದೆ. ಅಗಸಿ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ, ಮುಟ್ಟಿದರೆ ಬೆರಳಿಗೆ ಕರಿ ಹತ್ತುತ್ತದೆ. ಅವ್ವ ಅದನ್ನೂ ಒಮ್ಮೆ ತಿರುಗಿಸಿ ನೋಡಿದಳು. ತಿಕ್ಕಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.